ಕರ್ಕಿಯಿಂದ ಕುಕನೂರಿಗೆ: ರಂಗಗೀತೆಗಳ ಸುತ್ತುದಾರಿ

ಟಿಕೆಟ್ಟಿನ ಹಣವನ್ನೇ ನಂಬಿ ಊರಿಂದೂರಿಗೆ ತಿರುಗುತ್ತಿದ್ದ ನಾಟಕ ಕಂಪನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಉತ್ತರ ಕರ್ನಾಟಕದ ಜನಪ್ರಿಯ ಸಂಗೀತವನ್ನು ಬಹುಮಟ್ಟಿಗೆ ತಾವೇ ರೂಪಿಸಿದವು. ರೇಡಿಯೋ ಇನ್ನೂ ಬಾರದಿದ್ದ, ಗ್ರಾಮಫೋನು ಸಾಹುಕಾರರ ಮನೆಯ ವಸ್ತುವಾಗಿದ್ದ ಆ ಕಾಲದಲ್ಲಿ ಹೊಲದಲ್ಲಿ, ಸಂತೆಯ ದಾರಿಯಲ್ಲಿ ಜನ ಗುನುಗುತ್ತಿದ್ದ ಹೊಸ ಹಾಡು ಎಂದರೆ ಹಿಂದಿನ ರಾತ್ರಿ ಕಂಪನಿಯ ತಂಬುವಿನಲ್ಲಿ ಕೇಳಿದ ಹಾಡೇ ಆಗಿರುತ್ತಿತ್ತು. ರಂಗಗೀತೆ ಎಂದು ಇಂದು ಕರೆಯಲಾಗುವ ಈ ಹಾಡು ಯಾವ ಒಂದು ಪರಂಪರೆಯ ಸ್ವತ್ತೂ ಅಲ್ಲ. ಕನ್ನಡದ ಪದ್ಯ, ಮರಾಠಿ ರಂಗದ ಧಾಟಿ, ಹಿಂದೂಸ್ತಾನಿ ರಾಗ, ಉರ್ದು ಗಜಲಿನ ನಡೆ, ತೆಲುಗು ಪದ್ಯದ ಎಳೆತ, ಯುರೋಪಿನಿಂದ ಬಂದ ಹಾರ್ಮೋನಿಯಂ ಇವೆಲ್ಲ ಕೂಡಿ ಆದದ್ದು. ಈ ಕೂಡಿಕೆ ಯಾವ ಪಂಡಿತಸಭೆಯಲ್ಲೂ ತೀರ್ಮಾನವಾಗಲಿಲ್ಲ. ಪ್ರತಿ ರಾತ್ರಿ ಗಲ್ಲಾಪೆಟ್ಟಿಗೆಯನ್ನು ತುಂಬಿಸಬೇಕಾದ ಮಾಲೀಕರ ಅಗತ್ಯ ಅದನ್ನು ನಡೆಸಿಕೊಟ್ಟಿತು ಎಂಬುದನ್ನು ನೆನಪಿಟ್ಟುಕೊಂಡರೆ ಈ ಚರಿತ್ರೆಯ ಅನೇಕ ತಿರುವುಗಳು ಅರ್ಥವಾಗುತ್ತವೆ.

ಈ ಬೆರಕೆಯನ್ನು ಕಾಣಲು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾಗಳ ಸೀಮೆಗಿಂತ ತಕ್ಕ ಜಾಗ ಕಡಿಮೆ. 1948ರವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಗಂಗಾವತಿ ಮತ್ತು ಕುಷ್ಟಗಿ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದರೆ, ಕೊಪ್ಪಳ ಮತ್ತು ಯಲಬುರ್ಗಾ ಹೈದರಾಬಾದಿನ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ಜಹಗೀರೆಂದರೆ ಕಂದಾಯವೂ ಆಡಳಿತವೂ ಒಬ್ಬ ಸರದಾರನಿಗೆ ಬಿಟ್ಟುಕೊಟ್ಟ ಪ್ರದೇಶ. ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರು ಸಾಗಿದರೆ ಮುಂಬಯಿ ಆಧಿಪತ್ಯದ ಗದಗು, ತುಂಗಭದ್ರೆ ದಾಟಿದರೆ ಮದರಾಸು ಆಧಿಪತ್ಯದ ಹೊಸಪೇಟೆ ಮತ್ತು ಬಳ್ಳಾರಿ. ಮೂರು ಸರಕಾರಗಳು ಮುಟ್ಟಿಕೊಳ್ಳುವ ಈ ಮೂಲೆಯಲ್ಲಿ ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ, ಪೇಟೆಯಲ್ಲಿ ಮರಾಠಿಯೂ ತೆಲುಗೂ ಕಿವಿಗೆ ಬೀಳುತ್ತಿದ್ದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಗದಗಿನಿಂದ ಕೊಪ್ಪಳದ ಮೂಲಕ ಹೊಸಪೇಟೆಯತ್ತ ಹಾಯ್ದುಹೋದ ಮೇಲೆ, ಪರದೆ, ಪೆಟ್ಟಿಗೆ, ಪೋಷಾಕುಗಳ ಭಾರ ಹೊತ್ತ ನಾಟಕ ಮಂಡಳಿಗಳಿಗೆ ಈ ಸೀಮೆಯ ಬಾಗಿಲು ತೆರೆಯಿತು. ಹಳಿ ಮುಟ್ಟದ ಕುಷ್ಟಗಿ, ಯಲಬುರ್ಗಾಗಳಿಗೆ ಮಾತ್ರ ಎತ್ತಿನ ಬಂಡಿಯೇ ಗತಿಯಾಗಿ ಉಳಿಯಿತು.

ಕಂಪನಿಗಳು ಬರುವ ಮೊದಲು ಈ ಸೀಮೆ ಬೇರೆಯವರ ದನಿಯನ್ನೇ ಕೇಳಿರಲಿಲ್ಲವೆಂದು ತಿಳಿಯಬಾರದು. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳು ಇದಕ್ಕೆ ಹಳೆಯ ಸಾಕ್ಷಿ. ಅಲಾಯಿ ಎಂದರೆ ಪೀರಲ ದೇವರುಗಳ ಮುಂದೆ ಬೆಂಕಿ ಹಾಕುವ ಗುಂಡಿ. ರಿವಾಯತ್ ಎಂದರೆ ಕರ್ಬಲಾದ ಕಾಳಗವನ್ನೂ ಹಸನ್–ಹುಸೇನರ ಮರಣವನ್ನೂ ಹೇಳುವ ಕಥನಗೀತೆ. ಕಥೆ ಅರಬ್ಬರದು, ನುಡಿ ಹಳ್ಳಿಯ ಕನ್ನಡ, ಧಾಟಿ ಬಯಲಾಟದ್ದು, ಹಾಡುವವರಲ್ಲಿ ಮುಸಲ್ಮಾನರಷ್ಟೇ ಕುರುಬರೂ ನಾಯಕರೂ ಲಿಂಗಾಯತರೂ ಇರುತ್ತಾರೆ. ಮರಾಠಿ ಸೀಮೆಯ ಕಲ್ಗಿ–ತುರಾ ಹಾಡುಗಾರಿಕೆಗೆ ಸಮೀಪದ ಬಂಧುವಾದ ಹರದೇಶಿ–ನಾಗೇಶಿ ಲಾವಣಿ, ಅಂದರೆ ಎರಡು ಮೇಳಗಳು ಸವಾಲು–ಜವಾಬಿನಲ್ಲಿ ರಾತ್ರಿಯಿಡೀ ವಾದ ಹೂಡುವ ಪದ್ಧತಿ, ಇಲ್ಲಿಯೂ ಬೇರೂರಿತ್ತು. ಆನೆಗೊಂದಿಯ ಸುತ್ತ ದಾಸರ ಪದಗಳು, ಮಠಗಳಲ್ಲಿ ತತ್ವಪದ ಮತ್ತು ಭಜನೆ, ಕಣದಲ್ಲಿ ದೊಡ್ಡಾಟ ಮತ್ತು ತೊಗಲುಗೊಂಬೆಯಾಟ ನಡೆದಿದ್ದವು. ಹೀಗೆ ಬೇರೆ ಬೇರೆ ನೀರು ಕುಡಿದು ಬೆಳೆದ ಕಿವಿಗೆ ಮುಂದೆ ಬಂದ ಬೆರಕೆ ಅಪರಿಚಿತವೆನಿಸಲಿಲ್ಲ.

ಆ ಹೊಸ ಬೆರಕೆಯ ಕಥೆ ಶುರುವಾಗುವುದು ಕೊಪ್ಪಳದಿಂದ ದೂರದ ಕರಾವಳಿಯಲ್ಲಿ. 1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನ ಮೇಳವೊಂದು ಘಟ್ಟ ಹತ್ತಿ ಸಾಂಗಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕರಾದ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಮುಂದೆ ಆಟವಾಡಿತು. ಆಟ ಮೆಚ್ಚಿದರೂ ಅದರ ಒರಟುತನ ಅಷ್ಟಾಗಿ ಹಿಡಿಸದ ದೊರೆ, ಇಂಥದ್ದನ್ನೇ ಮರಾಠಿಯಲ್ಲಿ ಇನ್ನಷ್ಟು ನಯವಾಗಿ ಮಾಡಿಸಬೇಕೆಂದು ತನ್ನ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದನೆಂದೂ, ಅದರ ಫಲವಾಗಿ 1843ರ ನವೆಂಬರಿನಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂದಿತೆಂದೂ ಮರಾಠಿ ರಂಗಭೂಮಿಯ ಚರಿತ್ರೆಕಾರರು ಹೇಳುತ್ತಾರೆ. ಸೂತ್ರಧಾರನೇ ಪದ್ಯಗಳನ್ನೆಲ್ಲ ಹಾಡುವುದು, ನಟರು ಮಾತನ್ನು ಸ್ಥಳದಲ್ಲೇ ಕಟ್ಟಿ ಆಡುವುದು, ಗಣಪತಿ ಮತ್ತು ಸರಸ್ವತಿಯರ ಪ್ರವೇಶದಿಂದ ಆಟ ಆರಂಭವಾಗುವುದು ಮುಂತಾದ ಲಕ್ಷಣಗಳು ಯಕ್ಷಗಾನವನ್ನು ನೆನಪಿಸುತ್ತವೆ. ಇದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮರಾಠಿ ನಾಟಕದ ಮೂಲವನ್ನು ತಂಜಾವೂರಿನ ಭೋಸಲೆ ಅರಸರು ಬರೆದ ಹಳೆಯ ನಾಟಕಗಳಲ್ಲಿ ಹುಡುಕುವವರಿದ್ದಾರೆ, ಮಹಾರಾಷ್ಟ್ರದ್ದೇ ಆದ ಲಳಿತ, ದಶಾವತಾರ ಮತ್ತು ಕೀರ್ತನಗಳಲ್ಲಿ ಹುಡುಕುವವರೂ ಇದ್ದಾರೆ; ಕನ್ನಡದ ಕಡೆಯವರು ಕರ್ಕಿಯ ಮೇಳಕ್ಕೆ ಅದರ ಪಾಲಿಗಿಂತ ಹೆಚ್ಚಿನ ಕೀರ್ತಿ ಕೊಟ್ಟಿರುವುದೂ ಉಂಟು. ಭಾವೆಯವರ ಪ್ರಯೋಗಕ್ಕೆ ತಕ್ಷಣದ ಪ್ರೇರಣೆ ಕನ್ನಡ ಮೇಳದ್ದು ಎಂಬಷ್ಟನ್ನು ಮಾತ್ರ ಎರಡೂ ಕಡೆಯವರು ಬಹುಮಟ್ಟಿಗೆ ಒಪ್ಪುತ್ತಾರೆ, ಈ ಕಥನಕ್ಕೆ ಅಷ್ಟು ಸಾಕು.

ಎರಡನೆಯ ತಿರುವಿಗೂ ಕನ್ನಡ ನೆಲದ ನಂಟಿದೆ. ಸಂಗೀತ ನಾಟಕವೆಂಬ ಪ್ರಕಾರವನ್ನು ಮರಾಠಿಗೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ 1843ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಪುಣೆಯಲ್ಲಿ ಪಾರ್ಸಿ ಮಂಡಳಿಯೊಂದರ ಹಾಡು ತುಂಬಿದ ಉರ್ದು ನಾಟಕವನ್ನು ಕಂಡು, ಮರಾಠಿಯಲ್ಲೂ ಪಾತ್ರಧಾರಿಗಳೇ ತಮ್ಮ ಪದಗಳನ್ನು ಹಾಡುವ ನಾಟಕ ಬರಬೇಕೆಂದು ಅವರು ನಿಶ್ಚಯಿಸಿದರು; 1880ರ ಅಕ್ಟೋಬರ್ 31ರಂದು ‘ಶಾಕುಂತಲ’, 1882ರಲ್ಲಿ ‘ಸೌಭದ್ರ’ ರಂಗಕ್ಕೇರಿದವು. ಅವುಗಳ ಪದಗಳಿಗೆ ಕಿರ್ಲೋಸ್ಕರರು ಬಳಸಿದ ಧಾಟಿಗಳಲ್ಲಿ ಮರಾಠಿ ಕೀರ್ತನದ್ದೂ ಲಾವಣಿಯದ್ದೂ ಇದ್ದಂತೆ, ಚಿಕ್ಕಂದಿನಿಂದ ಕೇಳಿದ್ದ ಕನ್ನಡ ಹಾಡುಗಳದ್ದೂ ಇದ್ದವು. ಮರಾಠಿಗರು ಅವನ್ನು ‘ಕರ್ನಾಟಕಿ ಚಾಲ್’ ಎಂದೇ ಗುರುತಿಸಿದರು. ಮುಂದಿನ ಮೂರೂವರೆ ದಶಕಗಳಲ್ಲಿ ಶ್ರೀಪಾದ ಕೃಷ್ಣ ಕೊಲ್ಹಟಕರರು ಪಾರ್ಸಿ–ಉರ್ದು ಧಾಟಿಗಳನ್ನು ತಂದರು, 1911ರ ‘ಮಾನಾಪಮಾನ’ಕ್ಕೆ ಗೋವಿಂದರಾವ್ ಟೆಂಬೆ, 1916ರ ‘ಸ್ವಯಂವರ’ಕ್ಕೆ ಭಾಸ್ಕರಬುವಾ ಬಖಲೆ ಖಯಾಲು ಮತ್ತು ಠುಮರಿಗಳ ಸಾರವನ್ನೇ ಇಳಿಸಿದರು. ಮರಾಠಿ ರಂಗದ ಗಾಯಕನಟ ಬಾಲಗಂಧರ್ವರ ಕಂಠದಲ್ಲಿ ಆ ಪದಗಳು ದಖ್ಖನ್ನಿನ ತುಂಬ ಹರಡಿದವು.

ಇಷ್ಟರಲ್ಲೇ ಮರಾಠಿ ಮಂಡಳಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗುಗಳಲ್ಲಿ ಕ್ಯಾಂಪು ಹಾಕಿ ಕನ್ನಡಿಗರ ರೊಕ್ಕವನ್ನೂ ಮನಸ್ಸನ್ನೂ ಗೆದ್ದಿದ್ದವು. ಇದು ಕೆಲವರಿಗೆ ಸಹಿಸಲಾಗದ ಅವಮಾನವೆನಿಸಿತು. ಗದಗಿನಲ್ಲಿ ಶಿಕ್ಷಕರಾಗಿದ್ದ ಸಕ್ಕರಿ ಬಾಳಾಚಾರ್ಯರು, ಶಾಂತಕವಿ ಎಂಬ ಹೆಸರಿನಲ್ಲಿ ಪ್ರಸಿದ್ಧರಾದವರು, 1870ರ ದಶಕದಲ್ಲಿ ‘ಉಷಾಹರಣ’ ಮುಂತಾದ ನಾಟಕಗಳನ್ನು ಕನ್ನಡದಲ್ಲಿ ಬರೆದು, ಗದಗಿನ ಹಳೆಯ ಹೆಸರಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಉತ್ತರ ಕರ್ನಾಟಕದ ಕನ್ನಡ ವೃತ್ತಿ ರಂಗಭೂಮಿ ಹುಟ್ಟಿದ್ದು ಹೀಗೆ, ಒಂದು ಸ್ಪರ್ಧೆಯಲ್ಲಿ. ಆದರೆ ಸ್ಪರ್ಧಿಯನ್ನು ಸೋಲಿಸಲು ಸ್ಪರ್ಧಿಯ ಆಯುಧವನ್ನೇ ಎತ್ತಿಕೊಳ್ಳಬೇಕಾಯಿತು. ಮರಾಠಿಯ ಮೋಹವನ್ನು ಬಿಡಿಸಲೆಂದು ಹುಟ್ಟಿದ ಕನ್ನಡ ನಾಟಕ ಮರಾಠಿ ಪದಗಳ ಧಾಟಿಯಲ್ಲೇ ಹಾಡತೊಡಗಿದ್ದನ್ನು ಸೋಲೆಂದು ಎಣಿಸುವ ಕಾರಣವಿಲ್ಲ. ಕರಾವಳಿಯಿಂದ ಸಾಂಗಲಿಗೆ ಹೋದ ಆಟದ ಬೀಜ ನಾಲ್ಕು ದಶಕಗಳ ಹೊತ್ತಿಗೆ ಹೊಸ ತಳಿಯಾಗಿ ಗದಗಿಗೆ ಮರಳಿತ್ತು.

ಹೋದದ್ದು ಬೇರೆ ರೂಪದಲ್ಲಿ ಹಿಂದಿರುಗುವ ಇಂಥ ಸುತ್ತುದಾರಿ ಜನಪ್ರಿಯ ಸಂಗೀತದಲ್ಲಿ ಅಪರೂಪವೇನಲ್ಲ. 1908ರ ಜೂನ್ ತಿಂಗಳಲ್ಲಿ ಕಸಾಟೊ ಮಾರು ಎಂಬ ಹಡಗು ಜಪಾನಿನ 781 ಮಂದಿ ಕೂಲಿಕಾರರನ್ನು ಬ್ರೆಜಿಲ್ಲಿನ ಸಾಂತೋಸ್ ಬಂದರಿನಲ್ಲಿ ಇಳಿಸಿತು; ಕಾಫಿ ತೋಟಗಳಲ್ಲಿ ದುಡಿಯಲು ಹೋದ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿಯವರೇ ಆದರು. ಸಾಂಬಾ ಕುಣಿತದ ಲಯವನ್ನು ಮೆಲುದನಿಯ ಗಿಟಾರಿಗೆ ಇಳಿಸಿದ ಬೊಸಾ ನೋವಾ ಎಂಬ ಪ್ರಕಾರ 1950ರ ದಶಕದ ಕೊನೆಗೆ ಬ್ರೆಜಿಲ್ಲಿನಲ್ಲಿ ಹುಟ್ಟಿತು; ಅದನ್ನು ಜಪಾನಿನಲ್ಲಿ ಮನೆಮಾತಾಗಿಸಿದವರಲ್ಲಿ ಮುಖ್ಯರಾದ ಗಾಯಕಿ ಲೀಸಾ ಓನೊ 1962ರಲ್ಲಿ ಹುಟ್ಟಿದ್ದು ಸಾವೊ ಪಾಲೊದಲ್ಲಿ, ಬೆಳೆದದ್ದು ಹತ್ತನೆಯ ವಯಸ್ಸಿನ ನಂತರ ಟೋಕಿಯೋದಲ್ಲಿ. 1990ರಲ್ಲಿ ಜಪಾನು ವಲಸೆಯ ಕಾನೂನನ್ನು ಸಡಿಲಿಸಿದ ಮೇಲೆ ಕಾರ್ಖಾನೆ ಕೆಲಸಕ್ಕೆ ಮರಳಿದ ಬ್ರೆಜಿಲ್ ಜಪಾನೀಯರು ಗುನ್ಮಾ ಪ್ರಾಂತದ ಓಯಿಜುಮಿಯಂಥ ಊರುಗಳಿಗೆ ಸಾಂಬಾ ಮೆರವಣಿಗೆಯನ್ನೇ ತಂದರು. ಅಲ್ಲಿ ಕೂಲಿ ಹಾಡನ್ನು ಹೊತ್ತು ತಿರುಗಿಸಿತು, ಇಲ್ಲಿ ಆ ಕೆಲಸವನ್ನು ಟಿಕೆಟ್ಟು ಮಾಡಿತು. ಆದರೂ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ: ಜಪಾನು ಮತ್ತು ಬ್ರೆಜಿಲ್ಲುಗಳ ನಡುವೆ ಎರಡು ಸಾಗರಗಳಿದ್ದವು, ಆದ್ದರಿಂದ ಎರವಲು ಎದ್ದು ಕಾಣುತ್ತಿತ್ತು, ಗದಗು ಮತ್ತು ಮೀರಜಗಳ ನಡುವೆ ಒಂದು ದಿನದ ರೈಲಿನ ಹಾದಿಯಷ್ಟೇ ಇದ್ದುದರಿಂದ ಎರವಲು ಬೇಗನೆ ಸ್ವಂತದ್ದೆಂದು ಕಂಡಿತು.

ಕೊಪ್ಪಳದ ಸೀಮೆಗೆ ಗದಗಿನಿಂದ ಬಂದದ್ದು ಈ ಕಥೆಯ ಒಂದು ಎಳೆ ಮಾತ್ರ. ಮುಂಬಯಿಯ ಪಾರ್ಸಿ ವ್ಯಾಪಾರಿಗಳು ಬಂಡವಾಳ ಹೂಡಿ ನಡೆಸುತ್ತಿದ್ದ, ಬಣ್ಣದ ಪರದೆ ಮತ್ತು ಯಂತ್ರದ ಚಮತ್ಕಾರಗಳಿಂದ ಬೆರಗುಗೊಳಿಸುತ್ತಿದ್ದ ಪಾರ್ಸಿ ನಾಟಕ ಕಂಪನಿಗಳಲ್ಲಿ ವಿಕ್ಟೋರಿಯಾ ಥಿಯೇಟ್ರಿಕಲ್ ಕಂಪನಿ ಹೆಸರಾದದ್ದು. 1872ರಲ್ಲಿ ಈ ಕಂಪನಿಯನ್ನು ಹೈದರಾಬಾದಿಗೆ ಕರೆಸಿಕೊಂಡವರು ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು, ಅಂದರೆ ಕೊಪ್ಪಳ ಮತ್ತು ಯಲಬುರ್ಗಾಗಳ ಜಹಗೀರುದಾರರೇ. ರೈತರ ಕಂದಾಯ ಯಾವ ದರಬಾರಿಗೆ ಹೋಗುತ್ತಿತ್ತೋ ಆ ದರಬಾರು ಕೇಳುತ್ತಿದ್ದ ಹಾಡು ಮೆಲ್ಲಗೆ ಆ ರೈತರ ಊರಿನ ಕಡೆಗೂ ಇಳಿಯಿತೆನ್ನುವುದು ಚರಿತ್ರೆಯ ಸಣ್ಣ ವಿನೋದ. ಗಜಲು, ಖವಾಲಿ, ಠುಮರಿಗಳ ಮಟ್ಟುಗಳು ಉರ್ದು ಬಲ್ಲ ಮುಸ್ಲಿಂ ವಾದಕರ ಮೂಲಕವೂ ಪಾರ್ಸಿ ನಾಟಕಗಳನ್ನು ಕಂಡುಬಂದ ಕನ್ನಡ ಮಾಲೀಕರ ಮೂಲಕವೂ ಕಂಪನಿಗಳ ಒಳಕ್ಕೆ ಬಂದವು.

ಮೂರನೆಯ ಎಳೆ ಬಳ್ಳಾರಿಯದು. ಅಲ್ಲಿ ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆಯೂ ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆಯೂ ತೆಲುಗು ನಾಟಕಕ್ಕೆ ಭದ್ರ ತಳಪಾಯ ಹಾಕಿದ್ದವು, ಬಳ್ಳಾರಿ ರಾಘವರ ಅಭಿನಯ ಆ ಊರಿನ ಹೆಸರನ್ನು ದೂರಕ್ಕೆ ಒಯ್ದಿತ್ತು. ತೆಲುಗು ರಂಗದ ವಿಶೇಷವೆಂದರೆ ಪದ್ಯ: ತಾಳದ ಹಂಗಿಲ್ಲದೆ, ಸಾಲಿನ ಕೊನೆಯಲ್ಲಿ ರಾಗವನ್ನು ಉಸಿರಿರುವಷ್ಟು ಹೊತ್ತು ಎಳೆದು ಹಾಡುವ ವೃತ್ತ ಮತ್ತು ಕಂದ. ಗಂಗಾವತಿ ಮತ್ತು ಕೊಪ್ಪಳದ ಪೌರಾಣಿಕ ನಾಟಕಗಳಲ್ಲಿ ದುರ್ಯೋಧನನೋ ಭೀಮನೋ ಕಂದಪದ್ಯವನ್ನು ಆರ್ಭಟದಿಂದ ಎತ್ತಿ ರಾಗವನ್ನು ಎಳೆಯುವಾಗ ಪ್ರೇಕ್ಷಕರು ಸಿಳ್ಳೆ ಹಾಕುವ ರೂಢಿಗೆ ಈ ನೆರೆಹೊರೆಯೇ ಮುಖ್ಯ ಕಾರಣವಿರಬೇಕು.

ರಂಗಗೀತೆಯೊಂದು ಸಿದ್ಧವಾಗುತ್ತಿದ್ದ ಬಗೆಯನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಬೆರಕೆಯ ಕೆಲಸ ನಡೆಯುತ್ತಿದ್ದುದು ಅಲ್ಲಿ. ನಾಟಕಕಾರನು ಪದವನ್ನು ಮೊದಲು ಬರೆದು ಸಂಗೀತಗಾರನು ಆಮೇಲೆ ರಾಗ ಹಾಕುವ ಇಂದಿನ ಕ್ರಮ ಆಗ ಅಪರೂಪ. ಜನರ ಬಾಯಲ್ಲಿ ಆಗಲೇ ಓಡಾಡುತ್ತಿದ್ದ ಧಾಟಿಯೊಂದನ್ನು ಆರಿಸಿ, ಅದರ ಅಳತೆಗೆ ಕನ್ನಡದ ಮಾತನ್ನು ಕೂಡಿಸುವುದು ವಾಡಿಕೆಯಾಗಿತ್ತು. ಈ ಧಾಟಿಗೆ ಮಟ್ಟು ಎಂದು ಹೆಸರು. ಅಚ್ಚಾದ ಹಳೆಯ ನಾಟಕಗಳಲ್ಲಿ ಹಾಡಿನ ತಲೆಯ ಮೇಲೆ ರಾಗ ತಾಳಗಳ ಜೊತೆಗೆ ಯಾವ ಮರಾಠಿ ಅಥವಾ ಹಿಂದಿ ಪದದ ಮಟ್ಟೆಂಬುದನ್ನೂ ನಮೂದಿಸುತ್ತಿದ್ದರು, ಅದನ್ನು ಮುಚ್ಚಿಡಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ. ಭೀಮಪಲಾಸ, ಯಮನ, ಪೀಲು, ಖಮಾಜ, ಜೋಗಿಯಾ, ಭೈರವಿಗಳು ಮತ್ತೆ ಮತ್ತೆ ಬರುವ ರಾಗಗಳು. ಎಂಟು ಮಾತ್ರೆಯ ಕೆಹರವಾ ಮತ್ತು ಆರು ಮಾತ್ರೆಯ ದಾದರಾ ಸಾಮಾನ್ಯ ತಾಳಗಳು. ಮಟ್ಟು ಹೊರಗಿನದಾದರೂ ಕನ್ನಡದ ಮಾತು ಅದರಲ್ಲಿ ಸುಮ್ಮನೆ ಕೂರುತ್ತಿರಲಿಲ್ಲ. ಮರಾಠಿಯ ದೀರ್ಘಾಕ್ಷರಗಳಿಗೆ ಹೊಂದಿದ್ದ ಎಳೆತವನ್ನು ಕನ್ನಡದ ಒತ್ತಕ್ಷರಗಳು ತುಂಡರಿಸುತ್ತಿದ್ದವು, ಬಯಲಾಟದಲ್ಲಿ ಪಳಗಿದ ನಟನ ಗಂಟಲು ಠುಮರಿಯ ಬಳುಕನ್ನು ಬಿಟ್ಟು ಧ್ವನಿಯನ್ನು ನೇರವಾಗಿ ಎಸೆಯುತ್ತಿತ್ತು, ಸಾವಿರ ಮಂದಿಯ ತಂಬುವಿನ ಕೊನೆಯ ಸಾಲಿಗೆ ಮೈಕಿಲ್ಲದೆ ಕೇಳಿಸಬೇಕಾಗಿದ್ದುದರಿಂದ ಸೂಕ್ಷ್ಮ ಗಮಕಗಳಿಗೆ ಅವಕಾಶವೂ ಇರಲಿಲ್ಲ. ಹೀಗೆ ಎರವಲು ಮಟ್ಟು ಹತ್ತಾರು ರಾತ್ರಿಗಳ ಹೊತ್ತಿಗೆ ಬೇರೆಯದೇ ಹಾಡಾಗಿ ಬಿಡುತ್ತಿತ್ತು.

ಈ ಎಲ್ಲ ಬೆಸುಗೆಗೆ ನಡುವಿನ ವಾದ್ಯವಾದದ್ದು ಪೇಟಿ, ಅಂದರೆ ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನ ಡೆಬೇನ್ ಎಂಬಾತ ತನ್ನ ಹೆಸರಿನಲ್ಲಿ ಹಕ್ಕು ಪಡೆದ ಈ ವಾದ್ಯ, ಕೈಯಿಂದ ತಿದಿಯೊತ್ತುವ ಭಾರತೀಯ ರೂಪವನ್ನು ಕಲ್ಕತ್ತೆಯಲ್ಲಿ ಪಡೆಯಿತು. ಕರ್ಕಿಯ ಮೇಳ ಸಾಂಗಲಿಗೆ ಹೋದ ವರ್ಷವೂ ಅದೇ ಎಂಬುದು ಬರೀ ಕಾಕತಾಳೀಯ. ಕಂಪನಿಗಳು ಬಳಸುತ್ತಿದ್ದುದು ಹೆಚ್ಚಾಗಿ ಕಾಲುಪೇಟಿ. ಪಾದಗಳಿಂದ ತಿದಿ ತುಳಿದು ಎರಡೂ ಕೈಗಳಿಂದ ನುಡಿಸುವ ಅದರ ದನಿ ತಂಬುವಿನ ಗದ್ದಲವನ್ನು ಮೀರಿ ನಿಲ್ಲುತ್ತಿತ್ತು. ನಟರಿಗೆ ಹಾಡು ಕಲಿಸುವ, ಶ್ರುತಿ ತಪ್ಪಿದವನನ್ನು ಎತ್ತಿ ಹಿಡಿಯುವ, ಪ್ರವೇಶಕ್ಕೆ ತಡವಾದರೆ ನಡುವೆ ಏನಾದರೂ ನುಡಿಸಿ ತುಂಬುವ ಪೇಟಿ ಮಾಸ್ತರನು ಕಂಪನಿಯಲ್ಲಿ ನಾಯಕನಟನಷ್ಟೇ ಬೇಕಾದವನಾಗಿದ್ದ. ಸ್ಥಿರ ಸ್ವರಗಳ ಈ ವಾದ್ಯ ಭಾರತೀಯ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿ 1940ರಿಂದ ಮೂರು ದಶಕಗಳ ಕಾಲ ಅದನ್ನು ಹೊರಗಿಟ್ಟಿತು. ಅದೇ ದಶಕಗಳಲ್ಲಿ ಜಾತ್ರೆಯ ತಂಬುಗಳಲ್ಲಿ ಪೇಟಿಯಿಲ್ಲದ ನಾಟಕವನ್ನು ಊಹಿಸುವುದೂ ಸಾಧ್ಯವಿರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳು ಕಂಪನಿಗಳ ಸುಗ್ಗಿಯ ಕಾಲ. ಕೊಣ್ಣೂರಿನ ಶಿವಮೂರ್ತಿಸ್ವಾಮಿ ಕಣಬರಗಿಮಠರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಸಂಗೀತ ನಾಟಕ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇವು ಹೆಸರಾದವು. ಕೊನೆಯದರ ನೆಲೆ ಗದಗು. ಹಿಂದೂಸ್ತಾನಿ ಸಂಗೀತ ಧಾರವಾಡದ ಸುತ್ತ ಏಕೆ ಬೇರುಬಿಟ್ಟಿತೆಂಬ ಪ್ರಶ್ನೆಗೆ ವಿದ್ವಾಂಸರು ಬೇರೆ ಬೇರೆ ಉತ್ತರ ಕೊಡುತ್ತಾರೆ. ಮೈಸೂರು ಅರಮನೆಗೆ ಹಾಡಲು ಹೋಗುತ್ತಿದ್ದ ಅಬ್ದುಲ್ ಕರೀಂ ಖಾನರಂಥ ಉಸ್ತಾದರು ದಾರಿಯಲ್ಲಿ ಧಾರವಾಡ ಹುಬ್ಬಳ್ಳಿಗಳಲ್ಲಿ ತಂಗಿ ಶಿಷ್ಯರನ್ನು ಮಾಡಿಕೊಂಡರೆಂಬುದು ಒಂದು ಉತ್ತರ. ಮುಂಬಯಿ ಆಧಿಪತ್ಯದ ಆಡಳಿತ ಮತ್ತು ಮರಾಠಿ ಶಾಲೆಗಳು ಈ ಭಾಗವನ್ನು ಉತ್ತರದತ್ತ ತಿರುಗಿಸಿದವೆಂಬುದು ಇನ್ನೊಂದು. ಎರಡೂ ನಿಜವೇ, ಆದರೆ ಎರಡರಲ್ಲೂ ಕಂಪನಿಯ ಪಾಲು ಕಡಿಮೆಯಾಗಿ ಕಾಣುತ್ತದೆ. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ರಾದದ್ದು ಮರಾಠಿ ರಂಗದ ಮೇಲೆ. ಮಲ್ಲಿಕಾರ್ಜುನ ಮನಸೂರರು ಬಾಲಕರಾಗಿದ್ದಾಗ ವಾಮನರಾವ್ ಮಾಸ್ತರರ ಮಂಡಳಿಯಲ್ಲಿ ಹಾಡುತ್ತಿದ್ದರು, ಅಪ್ಪಯ್ಯಸ್ವಾಮಿಗಳಿಂದ ಕರ್ನಾಟಕ ಸಂಗೀತ ಕಲಿತಿದ್ದ ಆ ಹುಡುಗನನ್ನು ರಂಗದ ಮೇಲೆ ಕೇಳಿಯೇ ಮೀರಜದ ನೀಲಕಂಠಬುವಾ ಶಿಷ್ಯನನ್ನಾಗಿ ಕರೆದೊಯ್ದರು. ಯಲಿವಾಳದ ಬಸವರಾಜ ರಾಜಗುರುಗಳೂ ಅದೇ ಮಂಡಳಿಯ ಬಾಲನಟರು. ಘರಾನೆಗಳ ಚರಿತ್ರೆಯಲ್ಲಿ ದೊಡ್ಡ ಹೆಸರುಗಳಾಗಿ ನಿಂತವರು ಮೊದಲು ಹಾಡಿದ್ದು ಬಣ್ಣ ಹಚ್ಚಿಕೊಂಡು, ಟಿಕೆಟ್ಟು ಕೊಟ್ಟ ಜನರ ಮುಂದೆ.

ಈ ಕಥೆಯಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಾತ್ರ ಬೇರೆ ಬಗೆಯದು, ಕೊಪ್ಪಳದ ಹಳ್ಳಿಗಳಿಗೆ ಅದು ಎಲ್ಲ ಕಂಪನಿಗಳಿಗಿಂತ ಹತ್ತಿರದ್ದೂ ಹೌದು. ಹುಟ್ಟು ಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳನ್ನು (1892–1944) ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯಕೊಟ್ಟು ಬೆಳೆಸಿದರು. ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿ ಉಭಯ ಗಾನವಿಶಾರದರೆನಿಸಿದ ಅವರು, ಅಂಧರೂ ಬಡವರೂ ಆದ ಹುಡುಗರನ್ನು ಕಟ್ಟಿಕೊಂಡು ಊರೂರು ಸಂಚರಿಸುವ ಸಂಗೀತ ಶಾಲೆ ನಡೆಸಿದರು, ಅದೇ ಮುಂದೆ ಗದಗಿನಲ್ಲಿ ನೆಲೆನಿಂತಿತು. ಶಾಲೆಯ ಅನ್ನಕ್ಕೆ ದಾರಿಯಿಲ್ಲದಾಗ ಆಶ್ರಮ ನಾಟಕ ಕಂಪನಿಯನ್ನೂ ಕಟ್ಟಿತು. ಶರಣರ ಕಥೆಗಳ ನಾಟಕಗಳಲ್ಲಿ ವಚನಗಳು ಹಿಂದೂಸ್ತಾನಿ ರಾಗಗಳಲ್ಲಿ ಕೇಳಿಬಂದವು. ವಚನವನ್ನು ಹಾಡಿಕೆಯಾಗಿ ಜನರ ಕಿವಿಗೆ ತಲುಪಿಸಿದ ಕೀರ್ತಿ ಮುಂದೆ ಮನಸೂರರಿಗೂ ಆಕಾಶವಾಣಿಗೂ ಸಂದಿತಾದರೂ, ಹಳ್ಳಿಯ ಮಟ್ಟಿಗೆ ಆ ಕೆಲಸವನ್ನು ಮೊದಲು ಮಾಡಿದವುಗಳಲ್ಲಿ ಈ ಆಶ್ರಮದ ಕಂಪನಿಯೂ ಒಂದು. ಗುರುಗಳ ನಂತರ ಪುಟ್ಟರಾಜ ಗವಾಯಿಗಳು (1914–2010) ಆರು ದಶಕಗಳಿಗೂ ಹೆಚ್ಚು ಕಾಲ ಆಶ್ರಮವನ್ನು ನಡೆಸಿದರು, ನಾಟಕಗಳನ್ನು ತಾವೇ ಬರೆದರು. ಅ‌ಲ್ಲಿ ಕಲಿತವರು ಯಲಬುರ್ಗಾ ಮತ್ತು ಕುಷ್ಟಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೇಟಿ ಮಾಸ್ತರರಾಗಿ, ಭಜನೆಯ ಗುರುಗಳಾಗಿ, ಪುರಾಣ ಪ್ರವಚನದ ಗಾಯಕರಾಗಿ ನೆಲೆಸಿದರು. ಭೀಮಪಲಾಸವೆಂಬ ಹೆಸರೇ ಕೇಳದ ಒಕ್ಕಲಿಗನು ಅದರ ಸ್ವರಗಳನ್ನು ತಪ್ಪಿಲ್ಲದೆ ಗುನುಗುವಂತಾದದ್ದು ಇಂಥವರಿಂದ.

ಹೆಣ್ಣುಮಕ್ಕಳು ರಂಗಕ್ಕೆ ಬಂದದ್ದು ಇನ್ನೊಂದು ತಿರುವು. ಮೊದಲು ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಸವಾಯಿ ಗಂಧರ್ವರ ಕೀರ್ತಿಯೂ ಮೊದಮೊದಲು ಸ್ತ್ರೀಪಾತ್ರಗಳದ್ದೇ. ಹಾಡು ಕುಣಿತಗಳನ್ನು ಕುಲವೃತ್ತಿಯಾಗಿ ಕಲಿತ ಮನೆತನಗಳ ಹೆಂಗಸರು ಕಂಪನಿಗಳಿಗೆ ಸೇರಿದಾಗ, ಅವರೊಂದಿಗೆ ಬೈಠಕ್ಕಿನ ಠುಮರಿ ಮತ್ತು ಜಾವಳಿಗಳೂ ರಂಗಕ್ಕೆ ಬಂದವು. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿಯರ ದಾರಿ ಇದಕ್ಕೆ ದೊಡ್ಡ ನಿದರ್ಶನ: ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗದಲ್ಲಿ ಹಾಡಿದರು, ಅಮೀರಬಾಯಿ 1943ರ ‘ಕಿಸ್ಮತ್’ ಹಿಂದಿ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. ಮುಸಲ್ಮಾನ ಹೆಣ್ಣುಮಗಳ ಕನ್ನಡ ಕಂಠ ಪೌರಾಣಿಕ ಸತಿಯರ ದುಃಖವನ್ನು ಹಾಡುವುದು ಈ ರಂಗದಲ್ಲಿ ಸಹಜವೇ ಆಗಿತ್ತು. ಯಲಬುರ್ಗಾ ಸೀಮೆಯ ಕುಕನೂರು ವೃತ್ತಿ ರಂಗಭೂಮಿಗೆ ಅನೇಕ ಕಲಾವಿದರನ್ನು ಕೊಟ್ಟ ಊರು. ಅಲ್ಲಿಯ ರಹಿಮಾನವ್ವ ಕಲ್ಮನಿಯವರ ಹೆಸರು ಇದೇ ಸಾಲಿನದು. ಕುಕನೂರಿನ ಗುದ್ನೆಪ್ಪನಮಠದ ಜಾತ್ರೆ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹುಲಿಗಿಯ ಹುಲಿಗೆಮ್ಮನ ಜಾತ್ರೆ, ಕನಕಗಿರಿಯ ತೇರು, ಗಡಿಯಾಚೆ ಬಾದಾಮಿಯ ಬನಶಂಕರಿ ಜಾತ್ರೆ ಹೀಗೆ ಸುಗ್ಗಿಯ ಸುತ್ತಮುತ್ತ ಬರುವ ಜಾತ್ರೆಗಳೇ ಕಂಪನಿಗಳ ಪಂಚಾಂಗವಾಗಿದ್ದವು.

1934ರ ಮಾರ್ಚ್ 3ರಂದು ಮೊದಲ ಕನ್ನಡ ಮಾತಿನ ಚಿತ್ರ ‘ಸತಿ ಸುಲೋಚನಾ’ ತೆರೆಕಂಡಿತು. ಅಲ್ಲಿಂದ ಮುಂದೆ ಹಾಡಿನ ಹರಿವಿನ ದಿಕ್ಕು ನಿಧಾನವಾಗಿ ಬದಲಾಯಿತು. ಮೊದಲು ರಂಗದಿಂದ ಚಿತ್ರಕ್ಕೆ ಹೋಗುತ್ತಿದ್ದ ಮಟ್ಟು, ಎರಡು ದಶಕಗಳೊಳಗೆ ಚಿತ್ರದಿಂದ ರಂಗಕ್ಕೆ ಬರತೊಡಗಿತು. ನಿಜಾಮ ಸಂಸ್ಥಾನದಲ್ಲಿ ಬೇರೆ ತೊಡಕುಗಳಿದ್ದವು. ಅನುಮತಿಯಿಲ್ಲದೆ ಸಭೆ ಸೇರುವುದನ್ನು ತಡೆಯುವ ‘ಗಷ್ಟಿ ನಿಶಾನ್ 53’ ಎಂಬ ಸರಕಾರಿ ಸುತ್ತೋಲೆಯ ಕಾಲದಲ್ಲಿ ಕನ್ನಡದ ಕೂಟಗಳಿಗೆಲ್ಲ ಸಂಶಯದ ಕಣ್ಣಿತ್ತು, ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ 1947–48ರ ಹಾವಳಿಯಲ್ಲಿ ಕೊಪ್ಪಳದ ಕಡೆಯ ಅನೇಕರು ಮುಂಡರಗಿ ಮತ್ತು ಗದಗಿನ ಶಿಬಿರಗಳನ್ನು ಸೇರಬೇಕಾಯಿತು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, 1956ರ ರಾಜ್ಯಗಳ ಪುನರ್ವಿಂಗಡಣೆ ಇವು ಮೂರು ಸರಕಾರಗಳ ಗಡಿಯನ್ನು ಅಳಿಸಿ ಹಾಕಿದವು. ಅಷ್ಟರಲ್ಲಿ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ವಚನ, ದಾಸರ ಪದ, ಭಾವಗೀತೆಗಳನ್ನು ಮನೆಯೊಳಗೆ ತಂದಿತ್ತು.

ಗಂಗಾವತಿಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು. ಜೋಳ ಬೆಳೆಯುತ್ತಿದ್ದ ಎರೆಯ ನೆಲ ಭತ್ತದ ಗದ್ದೆಯಾಯಿತು, ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳೆಂದು ಕರೆಯಲಾಗುವ ಹೊಸ ಊರುಗಳನ್ನು ಕಟ್ಟಿದರು, ಅಕ್ಕಿ ಗಿರಣಿಗಳೊಂದಿಗೆ ಚಿತ್ರಮಂದಿರಗಳೂ ಎದ್ದವು. ತೆಲುಗು ಸಿನಿಮಾದ ಹಾಡು ಗಂಗಾವತಿಯ ಹೋಟೆಲುಗಳಲ್ಲಿ ಕನ್ನಡದ ಹಾಡಿನಷ್ಟೇ ಕೇಳತೊಡಗಿತು. ನೀರಾವರಿ ಕಾಣದ ಕುಷ್ಟಗಿ, ಯಲಬುರ್ಗಾಗಳು ಇದಕ್ಕೆ ತೀರ ಬೇರೆಯಾಗಿ ಉಳಿದವು. ಅಲ್ಲಿ ಕಂಪನಿ ನಾಟಕದ ಬಾಳು ಇನ್ನೂ ಕೆಲವು ದಶಕ ಮುಂದುವರಿಯಿತು, ಕುಷ್ಟಗಿಗೆ ನೆರೆಯ ಹುನಗುಂದ ಸೀಮೆಯವರಾದ ಪಿ.ಬಿ. ಧುತ್ತರಗಿಯವರ ‘ಮುದುಕನ ಮದುವೆ’ಯಂಥ ಸಾಮಾಜಿಕ ನಾಟಕಗಳು ಪೌರಾಣಿಕಗಳ ಜಾಗವನ್ನು ಹಿಡಿದವು.

ಓದಿದವರ ವಲಯದಲ್ಲಿ ರಂಗಗೀತೆಗೆ ಗೌರವ ಬೇಗ ಸಿಗಲಿಲ್ಲ. ಆಧುನಿಕ ನಾಟಕಕಾರ ಶ್ರೀರಂಗರು ಕಂಪನಿ ನಾಟಕಗಳ ಹಾಡುಗಾರಿಕೆಯನ್ನು, ಸಾಯುವ ಪಾತ್ರವೂ ಎದ್ದು ಹಾಡುವ ಅಸಂಗತವನ್ನು ಕಟುವಾಗಿ ಟೀಕಿಸಿದರು, ಅದರಲ್ಲಿ ತಥ್ಯವಿತ್ತು. ಆದರೆ ಹಾಡನ್ನು ನಾಟಕದ ರೋಗವೆಂದು ಕಂಡ ಆ ದೃಷ್ಟಿಗೆ, ಆ ಹಾಡು ನಾಟಕದಾಚೆಗೆ ಒಂದು ಸೀಮೆಯ ಸಂಗೀತ ಶಿಕ್ಷಣವೇ ಆಗಿತ್ತೆಂಬುದು ಕಾಣಲಿಲ್ಲ. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿ ಬೆಳೆದ ಬಿ.ವಿ. ಕಾರಂತರು 1970ರ ದಶಕದಲ್ಲಿ ಆಧುನಿಕ ನಾಟಕಗಳಿಗೆ ಸಂಗೀತ ಕೊಡುವಾಗ ಕಂಪನಿಯ ಮಟ್ಟು, ಯಕ್ಷಗಾನದ ಪದ, ಹಿಂದೂಸ್ತಾನಿ ರಾಗಗಳನ್ನು ಎಗ್ಗಿಲ್ಲದೆ ಬೆರೆಸಿದ ಮೇಲೆ ನಗರದ ಪ್ರೇಕ್ಷಕರು ಹಳೆಯ ರಂಗಗೀತೆಗಳತ್ತ ಮತ್ತೆ ಕಿವಿಗೊಟ್ಟರು. ‘ಜಗಜ್ಯೋತಿ ಬಸವೇಶ್ವರ’ ನಾಟಕದಿಂದ ಹೆಸರಾದ ಏಣಗಿ ಬಾಳಪ್ಪನವರು 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ, ಅವರ ಕಂಠದ ಹಾಡುಗಳು ವಿಶ್ವವಿದ್ಯಾಲಯಗಳ ಸಂಕಿರಣಗಳಲ್ಲಿ ಚರ್ಚೆಯ ವಸ್ತುವಾಗಿದ್ದವು.

ಹಳ್ಳಿಗಳಲ್ಲಿ ಈ ಚರ್ಚೆಯ ಹಂಗಿಲ್ಲದೆ ನಾಟಕ ನಡೆದೇ ಇದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯಲ್ಲಿ ಇಂದಿಗೂ ಜಾತ್ರೆಗೋ ಕಾರ್ತಿಕಕ್ಕೋ ಊರಿನ ಯುವಕರು ಹಣ ಕೂಡಿಸಿ, ಮಾಸ್ತರನೊಬ್ಬನನ್ನು ಹಿಡಿದು ತಿಂಗಳುಗಟ್ಟಲೆ ತಾಲೀಮು ಮಾಡಿ, ಸ್ತ್ರೀಪಾತ್ರಗಳಿಗೆ ವೃತ್ತಿ ಕಲಾವಿದೆಯರನ್ನೂ ಪರದೆಗೆ ರಂಗಸಜ್ಜಿಕೆಯವರನ್ನೂ ಬಾಡಿಗೆಗೆ ಕರೆಸಿ ಬೆಳಗಾಗುವವರೆಗೆ ನಾಟಕವಾಡುತ್ತಾರೆ. ಪೇಟಿಯ ಮಗ್ಗುಲಿಗೆ ಕೀಬೋರ್ಡೂ ತಬಲಾದ ಮಗ್ಗುಲಿಗೆ ರಿದಂ ಪ್ಯಾಡೂ ಬಂದಿವೆ. ನಾಂದಿ ಹಳೆಯ ಮರಾಠಿ ಧಾಟಿಯಲ್ಲಿರುತ್ತದೆ, ನಡುವಿನ ಯುಗಳಗೀತೆ ಕಳೆದ ವರ್ಷದ ಸಿನಿಮಾದ್ದು, ದುಃಖದ ದೃಶ್ಯಕ್ಕೆ ಗದಗಿನ ಆಶ್ರಮದ ಪರಂಪರೆಯ ಭೈರವಿ. ಹೊಸ ವಾದ್ಯಗಳಿಂದ ಹಳೆಯ ಧಾಟಿ ಕೆಟ್ಟಿತೆಂದು ಹಿರಿಯ ಮಾಸ್ತರರು ದೂರುತ್ತಾರೆ. ಅವರ ಗುರುಗಳ ಗುರುಗಳು ಕಾಲುಪೇಟಿ ಹಿಡಿದು ಬಂದಾಗ ಬಯಲಾಟದ ಭಾಗವತರೂ ಮದ್ದಳೆಯವರೂ ಇದೇ ದೂರು ಹೇಳಿದ್ದರೆ ಅಚ್ಚರಿಯಿಲ್ಲ.